ಕ್ರಿಶ್ಚಿಯನ್ ಯೂನಿವರ್ಸಿಟಿಲಿ ಓದೋದು ಹೇಗಿರುತ್ತೆ? ನಾನು ಕ್ರಿಶ್ಚಿಯನ್ ಅಲ್ಲ

ಪ್ರಶ್ನೆ:
ಅಮೆರಿಕದಲ್ಲಿ ಡಿಗ್ರಿ ಮಾಡೋಣ ಅಂತ ಅಪ್ಲೈ ಮಾಡ್ತಾ ಇದೀನಿ, ಸ್ಕಾಲರ್‌ಶಿಪ್ ಚೆನ್ನಾಗಿ ಕೊಡೋ ಕಡೆ ನೋಡಿದ್ರೆ ಅರ್ಧಕ್ಕರ್ಧ ಕ್ರಿಶ್ಚಿಯನ್ ಯೂನಿವರ್ಸಿಟಿಗಳೇ. ಓದೋಕೆ ಹೊರಟಿರೋದು ಕಂಪ್ಯೂಟರ್ ಸೈನ್ಸ್, ಆದ್ರೆ ಸಿಲಬಸ್‌ನಲ್ಲಿ ಬೈಬಲ್ ಕೋರ್ಸ್, ಚಾಪೆಲ್ (ಕ್ಯಾಂಪಸ್ ಪ್ರಾರ್ಥನಾ ಸಭೆ) ಅಂತೆಲ್ಲ ಇದೆ. ಮನೇಲಿ ಆಗ್ಲೇ "ಮತಾಂತರ ಮಾಡಿಬಿಡ್ತಾರೆ" ಅಂತ ಶುರು ಹಚ್ಕೊಂಡಿದಾರೆ. ಅಲ್ಲಿ ಓದಿರೋರು ಯಾರಾದ್ರೂ ನಿಜ ಹೇಳ್ರಪ್ಪಾ.

ಉತ್ತರ 1:
ಎಲ್ಲಾನೂ ಒಂದೇ ಲೆಕ್ಕಕ್ಕೆ ಹಾಕ್ಬೇಡಿ ಗುರು, ಇದ್ರಲ್ಲಿ ಭಾರಿ ವ್ಯತ್ಯಾಸ ಇದೆ. ಬಯೋಲಾ, ವೀಟನ್ ತರದ ಕಡೆ ಡಿಗ್ರಿ ಸೀಟಿಗೆ ನೀವೇ ಕ್ರಿಶ್ಚಿಯನ್ ಆಗಿರ್ಬೇಕು ಅಂತಾನೇ ಕೇಳ್ತಾರೆ, ಅಲ್ಲಿಗೆ ಅರ್ಜಿ ಹಾಕೋದೇ ದಂಡ. ವೀಟನ್‌ನಲ್ಲಂತೂ 2003ರ ತನಕ ಕ್ಯಾಂಪಸ್‌ನಲ್ಲಿ ಡ್ಯಾನ್ಸ್ ಪಾರ್ಟಿನೇ ಇರ್ಲಿಲ್ಲ! ಬೇಲರ್ ಬೇರೆ. 1845ರ ಬ್ಯಾಪ್ಟಿಸ್ಟ್ (ಒಂದು ಕ್ರೈಸ್ತ ಪಂಗಡ) ಯೂನಿವರ್ಸಿಟಿ, ಆದ್ರೆ ಯಾವ ಧರ್ಮದೋರನ್ನ ಬೇಕಾದ್ರೂ ಸೇರಿಸ್ಕೋತಾರೆ. ಸೇರಿದ್ಮೇಲೆ ಎರಡು ಸೆಮಿಸ್ಟರ್ ಚಾಪೆಲ್, ಎರಡು ರಿಲಿಜನ್ ಕೋರ್ಸ್ (ಒಂದು ಬೈಬಲ್ ಬಗ್ಗೆ, ಇನ್ನೊಂದು ಕ್ರೈಸ್ತ ಪರಂಪರೆ ಬಗ್ಗೆ) ಮುಗಿಸ್ಲೇಬೇಕು. ಹಂಗಾಗಿ ದುಡ್ಡು ಕಟ್ಟೋ ಮುಂಚೆ ಅಡ್ಮಿಷನ್ ಪುಟದ ಜೊತೆಗೆ ಸ್ಟೂಡೆಂಟ್ ಹ್ಯಾಂಡ್‌ಬುಕ್ಕೂ ಪೂರ್ತಿ ಓದಿ. ಕುಡಿಯೋದು, ಹಾಸ್ಟೆಲ್‌ಗೆ ಯಾರು ಬರ್ಬೋದು, ಯಾವುದಕ್ಕೆ ಸಸ್ಪೆಂಡ್ ಮಾಡ್ತಾರೆ, ಎಲ್ಲಾ ಅದ್ರಲ್ಲೇ ಇರೋದು, ಬ್ರೋಷರ್‌ನಲ್ಲಿ ಬರೀ ಹುಲ್ಲುಹಾಸಿನ ಮೇಲೆ ನಗ್ತಾ ಕೂತಿರೋ ಹುಡುಗ್ರು.

ಉತ್ತರ 2:
ನಾನು ಒಂದು ಕ್ಯಾಥೊಲಿಕ್ ಯೂನಿವರ್ಸಿಟಿಲಿ ಓದಿದೋನು, ಹೆಸ್ರು ಬೇಡ. ಮಾಸ್‌ಗೆ (ಚರ್ಚ್ ಪೂಜೆಗೆ) ಬಾ ಅಂತ ಯಾರೂ ಬಲವಂತ ಮಾಡ್ಲಿಲ್ಲ, ರೂಮ್‌ಮೇಟ್ ಒಂದೆರಡ್ಸಲ ಕರೆದ, ಬರಲ್ಲ ಅಂದೆ, ಅಲ್ಲಿಗೆ ಮುಗೀತು. ಥಿಯಾಲಜಿ ಕ್ಲಾಸಲ್ಲಿ ಅಗಸ್ಟೀನ್ ಅನ್ನೋ ಹಳೇ ಕಾಲದ ಕ್ರೈಸ್ತ ಚಿಂತಕನ್ನ ಓದ್ಸಿದ್ರು, ನಾನು ಅವನ ವಾದ ಒಪ್ಪಲ್ಲ ಅಂತ ಪುಟಗಟ್ಲೆ ಬರ್ದೆ, ಫಾದರ್ ಮಾರ್ಜಿನ್‌ನಲ್ಲಿ "ಇದಕ್ಕೆ ಅವನ ಉತ್ತರ ಮುಂದಿನ ಅಧ್ಯಾಯದಲ್ಲಿದೆ, ಓದಿಲ್ವಾ?" ಅಂತ ಬರ್ದು ಎ ಮೈನಸ್ ಕೊಟ್ರು. ನಂಬಿಕೆಗೆ ಮಾರ್ಕ್ಸ್ ಇಲ್ಲ, ಓದಿದ್ರೆ ಮಾತ್ರ ಇದೆ. ಕಿರಿಕಿರಿ ಅಂದ್ರೆ ಹಾಸ್ಟೆಲ್ ರೂಲ್ಸು. ನೋಟರ್ ಡೇಮ್ ಅನ್ನೋ ಕ್ಯಾಥೊಲಿಕ್ ಯೂನಿವರ್ಸಿಟಿಲೂ ಹುಡುಗ್ರ ಹಾಲ್ ಬೇರೆ ಹುಡುಗೀರ ಹಾಲ್ ಬೇರೆ, ವಾರದ ದಿನ ರಾತ್ರಿ 12ಕ್ಕೆ, ಶುಕ್ರವಾರ ಶನಿವಾರ 2ಕ್ಕೆ ಹುಡುಗ್ರ ಹಾಲ್‌ಗೆ ಬಂದ ಹುಡುಗೀರು, ಹುಡುಗೀರ ಹಾಲ್‌ಗೆ ಬಂದ ಹುಡುಗ್ರು ಜಾಗ ಖಾಲಿ ಮಾಡ್ಬೇಕು. ಗ್ರೂಪ್ ಪ್ರಾಜೆಕ್ಟ್ ಅರ್ಧಕ್ಕೆ ಬಿಟ್ಟು ಲ್ಯಾಪ್‌ಟಾಪ್ ಎತ್ಕೊಂಡು ಲೈಬ್ರರಿಗೆ ಓಡೋದು ಇದೇ ಕಾರಣಕ್ಕೆ.

ಉತ್ತರ 3:
ಮೇಲಿನವರು ಹೇಳಿದ್ದು ಸರಿ, ಆದ್ರೆ ಪೂರ್ತಿ ಅಷ್ಟು ಸಲೀಸಲ್ಲ. ಬಲವಂತ ಇಲ್ದಿದ್ರೂ ಊಟಕ್ಕೆ ಮುಂಚೆ ಪ್ರೇಯರ್, ಪರೀಕ್ಷೆಗೆ ಮುಂಚೆ ಪ್ರೇಯರ್, ಫ್ರೆಂಡ್ಸ್ ಸಿಗೋದೇ ಬೈಬಲ್ ಸ್ಟಡಿ ಗ್ರೂಪಲ್ಲಿ. ಮೊದಲ ಸೆಮಿಸ್ಟರ್ ಸ್ವಲ್ಪ ಒಂಟಿ ಅನ್ಸುತ್ತೆ. ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿಗೆ ಮೇಲ್ ಹಾಕಿ, ನಿಮ್ಮ ತರದೋರು ಎಷ್ಟು ಜನ ಇದಾರೆ, ಒಬ್ಬರ ಜೊತೆ ಮಾತಾಡ್ಸ್ತೀರಾ ಅಂತ ಕೇಳಿ. ಅವ್ರು ಉತ್ತರ ಕೊಡೋ ರೀತಿಲೇ ಅರ್ಧ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಎಲ್ರಿಗೂ, ಹಾಗಾದ್ರೆ ಬೇಲರ್ ಲಿಸ್ಟಲ್ಲಿರ್ಲಿ, ವೀಟನ್ ಔಟ್. ಇನ್ನೊಂದ್ ಡೌಟು, ಈ ರಿಲಿಜನ್ ಕೋರ್ಸ್ ಗ್ರೇಡು ಜಿಪಿಎಗೆ ಸೇರುತ್ತಾ?

ಉತ್ತರ 2:
ನಮ್ಮಲ್ಲಿ ಸೇರ್ತಿತ್ತು ಮಾರಾಯಾ. ಸುಮ್ನೆ ಪಾಸ್ ಆಗ್ಬಿಡ್ತೀನಿ ಅಂತ ಲೈಟಾಗಿ ತಗೋಬೇಡ, ನಮ್ಮ ಬ್ಯಾಚಲ್ಲಿ ಕ್ಯಾಲ್ಕುಲಸ್‌ಗಿಂತ ಅದಕ್ಕೇ ಜಾಸ್ತಿ ಜನ ಬಿ ತಗೊಂಡಿದ್ದು.