ದತ್ತುಮಗು ಜರ್ಮನಿಗೆ ಬಂದ ಮೊದಲ ವಾರ: ಅಜ್ಜಿ ಈಗಲೇ ಹೋಗಬಹುದೇ?

ಪ್ರಶ್ನೆ (ಉಡುಪಿ):
ಜರ್ಮನಿಯಲ್ಲಿರುವ ನನ್ನ ಮಗಳು, ಅಳಿಯ ‘ಕಾರಾ’ (ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರ) ಮೂಲಕ ಮೂರು ವರ್ಷದ ಹೆಣ್ಣುಮಗುವನ್ನು ದತ್ತು ಪಡೆದು ಕಳೆದ ವಾರ ಕರೆದೊಯ್ದಿದ್ದಾರೆ. ಮಗುವಿಗೆ ಕನ್ನಡ ಮಾತ್ರ ಗೊತ್ತು. ಹೊಟ್ಟೆ ತುಂಬಿದರೂ ದೋಸೆಯ ಚೂರನ್ನು ದಿಂಬಿನಡಿ ಬಚ್ಚಿಡುತ್ತದೆ, ದೀಪ ಆರಿಸಿದರೆ ಬೆಚ್ಚಿ ಅಳುತ್ತದೆ. ನೆರವಿಗೆ ನಾನು ಕೂಡಲೇ ಹೊರಡಲೇ?

ಉತ್ತರ (ಮಂಗಳೂರು):
ಅಮ್ಮಾ, ಸ್ವಲ್ಪ ತಡೆಯಿರಿ. ಪಾಳಿಯಂತೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗುವಿಗೆ ತನ್ನವರು ಯಾರೆಂದು ಮನವರಿಕೆಯಾಗಬೇಕಾದರೆ ಉಣಿಸುವುದು, ಮೀಯಿಸುವುದು, ಮಲಗಿಸುವುದು ಎಲ್ಲವೂ ಮೊದಲ ಕೆಲವು ವಾರ ತಂದೆತಾಯಿಯ ಕೈಯಿಂದಲೇ ಆಗಬೇಕು. ತಿಂಡಿ ಬಚ್ಚಿಟ್ಟರೆ ಗದರದೆ, ಕೈಗೆಟಕುವಲ್ಲಿ ಒಂದು ಬಾಳೆಹಣ್ಣು ಸದಾ ಇರುವಂತೆ ನೋಡಿಕೊಳ್ಳಲಿ. ಸಣ್ಣ ದೀಪವೊಂದು ರಾತ್ರಿಯಿಡೀ ಉರಿಯಲಿ. ಮನೆಯಲ್ಲಿ ಕನ್ನಡವನ್ನೇ ಆಡಲಿ, ಜರ್ಮನ್ ಕಲಿಸುವ ಅವಸರ ಬೇಡ. ನೆಂಟರ ವಿಡಿಯೊ ಕರೆಗಳನ್ನೂ (ನಮ್ಮವರಿಗೆ ಇದನ್ನು ಹೇಳುವುದೇ ಕಷ್ಟ!) ಸದ್ಯಕ್ಕೆ ಮಿತಗೊಳಿಸಿ.

ಇನ್ನೊಂದು ಉತ್ತರ (ಮಣಿಪಾಲ):
2022ರ ದತ್ತು ನಿಯಮಗಳಂತೆ ಮಗು ವಿದೇಶ ತಲುಪಿದ ಬಳಿಕ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ ಸಲ್ಲಿಕೆಯಾಗುತ್ತದೆ. ವರದಿಗಾಗಿ ಬರುವ ಸಮಾಜ ಕಾರ್ಯಕರ್ತರ ಬಳಿ ನಿದ್ರೆಯ ತೊಂದರೆಯನ್ನು ಮುಚ್ಚಿಡದೆ ಹೇಳಿದರೆ, ಅಲ್ಲಿನ ಮಕ್ಕಳ ತಜ್ಞರನ್ನು ಕಾಣಲು ಅವರೇ ದಾರಿ ತೋರಿಸಬಲ್ಲರು.