ರಿಯಾಯಿತಿ ಮಾರಾಟದ ಲ್ಯಾಪ್‌ಟಾಪ್: ಕೊಂಡವರು ಕಂಡದ್ದು

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಬದಲಿಸಬೇಕಾಗಿದೆ. ಮುಂದಿನ ವಾರದ ವಿಶೇಷ ಮಾರಾಟದಲ್ಲಿ ಶೇ. 40ರಷ್ಟು ರಿಯಾಯಿತಿಯಂತೆ. ಬರವಣಿಗೆ, ಲೆಕ್ಕಪತ್ರ, ವಿಡಿಯೊ ಕರೆ ಇಷ್ಟೇ ನನ್ನ ಕೆಲಸ. ಇಂತಹ ಮಾರಾಟದಲ್ಲಿ ಕೊಂಡವರಿಗೆ ನಿಜಕ್ಕೂ ಲಾಭವಾಗಿದೆಯೇ?

ಮೊದಲ ಉತ್ತರ: ನಾನು ಎರಡು ಬಾರಿ ಕೊಂಡಿದ್ದೇನೆ, ಮೊದಲ ಸಲ ಮೋಸಹೋದೆ ಎಂದೇ ಹೇಳಬೇಕು. ಅಡ್ಡಗೆರೆ ಎಳೆದು ತೋರಿಸಿದ್ದ ಮೂಲ ಬೆಲೆಯನ್ನು ನಂಬಿ ಅವಸರಪಟ್ಟೆ. ಆ ಬೆಲೆಗೆ ಅದು ಎಂದೂ ಮಾರಾಟವಾಗಿರಲಿಲ್ಲವೆಂದು ಬೆಲೆಯ ಇತಿಹಾಸ ತೋರಿಸುವ ತಾಣವೊಂದರಲ್ಲಿ ಆಮೇಲೆ ತಿಳಿಯಿತು. ಎರಡನೆಯ ಸಲ ಮೂರು ಮಾದರಿಗಳನ್ನು ಆರಿಸಿಕೊಂಡು, ಆರು ವಾರ ಪ್ರತಿ ಭಾನುವಾರ ಅವುಗಳ ಬೆಲೆಯನ್ನು ಪುಸ್ತಕದಲ್ಲಿ ಬರೆದಿಟ್ಟೆ. ಒಂದರ ಬೆಲೆ ಮಾರಾಟಕ್ಕೆ ಹತ್ತು ದಿನ ಮುಂಚೆ ಏರಿ, ಮಾರಾಟದ ದಿನ ಸರಿಯಾಗಿ ಮೊದಲಿದ್ದಲ್ಲಿಗೇ ಇಳಿಯಿತು. ಇನ್ನೊಂದು ಕದಲಲೇ ಇಲ್ಲ. ಮೂರನೆಯದು ಮಾತ್ರ ಆರನೇ ಒಂದು ಭಾಗದಷ್ಟು ನಿಜವಾಗಿ ಅಗ್ಗವಾಯಿತು, ಏಕೆಂದರೆ ಅದರ ಮುಂದಿನ ಪೀಳಿಗೆ ಆಗಲೇ ಮಾರುಕಟ್ಟೆಗೆ ಬಂದಿತ್ತು. ಐರೋಪ್ಯ ಒಕ್ಕೂಟದಲ್ಲಿ ರಿಯಾಯಿತಿ ಘೋಷಿಸುವವರು ಹಿಂದಿನ 30 ದಿನಗಳ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕೆಂಬ ನಿಯಮ 2022ರಿಂದ ಜಾರಿಯಲ್ಲಿದೆ. ಅಂತಹ ನಿಯಮವಿಲ್ಲದ ಕಡೆ ಆ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯ ಉತ್ತರ: ಬೆಲೆಗಿಂತ ಮೊದಲು ಮಾದರಿಯ ಪೂರ್ಣ ಸಂಖ್ಯೆಯನ್ನು ನೋಡಿ. ನನ್ನ ತಮ್ಮನೂ ನಾನೂ ‘ಒಂದೇ’ ಲ್ಯಾಪ್‌ಟಾಪ್ ಕೊಂಡೆವು; ಅವನು ಮಾಮೂಲು ದಿನಗಳಲ್ಲಿ, ನಾನು ಮಾರಾಟದಲ್ಲಿ. ಮುಚ್ಚಳದ ಮೇಲಿನ ಹೆಸರು, ಬಣ್ಣ ಎಲ್ಲವೂ ಒಂದೇ. ಎರಡನ್ನೂ ಮಗುಚಿ ನೋಡಿದಾಗ ತಳದ ಸಂಖ್ಯೆಯ ಕೊನೆಯ ಎರಡು ಅಕ್ಷರಗಳು ಬೇರೆಯಿದ್ದವು. ಅವನದರಲ್ಲಿ ರ್‍ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ) ಹೆಚ್ಚಿಸಲು ಖಾಲಿ ಸ್ಲಾಟ್ ಇದೆ. ನನ್ನದರಲ್ಲಿ 8 ಜಿಬಿಯನ್ನು ಬೋರ್ಡಿಗೇ ಬೆಸೆದಿದ್ದಾರೆ, ಮುಂದಕ್ಕೆ ದಾರಿಯಿಲ್ಲ. ಪರದೆಗಳನ್ನು ಅಕ್ಕಪಕ್ಕ ಇಟ್ಟರಂತೂ ನನ್ನದು ಜ್ವರ ಬಿಟ್ಟು ಎದ್ದವರ ಮುಖದಂತೆ ಕಳೆಗುಂದಿ ಕಾಣುತ್ತದೆ.

ಪ್ರೊಸೆಸರಿನ ವಿಷಯದಲ್ಲೂ ಹೆಸರಿಗೆ ಮರುಳಾಗಬೇಡಿ. ಎಎಂಡಿ ರೈಜೆನ್ 5 7520ಯು ಎಂಬುದು ಹೊಸ ಸರಣಿಯಂತೆ ಕೇಳಿಸಿದರೂ ಅದರೊಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ. ಆ 7000 ಸರಣಿಯಲ್ಲಿ ಮೂರನೆಯ ಅಂಕಿಯೇ ವಿನ್ಯಾಸವನ್ನು ಹೇಳುತ್ತದೆ, ಹೀಗಾಗಿ 7530ಯು ಎಂದಿದ್ದರೆ ಅದು ಜೆನ್ 3. ನಿಮ್ಮ ಕೆಲಸಕ್ಕೆ 7520ಯು ಸಾಲದು ಎಂದು ನಾನು ಹೇಳುತ್ತಿಲ್ಲ, ಆದರೆ ಹಳೆಯದಕ್ಕೆ ಹಳೆಯದರ ಬೆಲೆಯನ್ನೇ ಕೊಡಬೇಕು. ಸಂಗ್ರಹ ‘ಇಎಂಎಂಸಿ’ (ಎಸ್‌ಎಸ್‌ಡಿಗಿಂತ ನಿಧಾನವಾದ ಅಗ್ಗದ ಚಿಪ್) ಎಂದಿದ್ದರೆ ಮಾತ್ರ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.

ಮೂರನೆಯ ಉತ್ತರ: ನನ್ನ ಅನುಭವ ಒಳ್ಳೆಯದೇ. ಹಿಂದಿನ ಪೀಳಿಗೆಯ ಯಂತ್ರವನ್ನು ಮಾರಾಟದಲ್ಲಿ ಕೊಂಡು ಮೂರು ವರ್ಷವಾಯಿತು, ನಿಮ್ಮಂಥದ್ದೇ ಕೆಲಸಕ್ಕೆ ಯಾವ ಕೊರತೆಯೂ ಕಂಡಿಲ್ಲ. ತೀರಾ ಹಿಂದಕ್ಕೆ ಹೋಗದಿದ್ದರೆ ಸಾಕು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಬಹುಮಟ್ಟಿಗೆ ಇಂಟೆಲ್‌ನ 8ನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್‌ಗಳನ್ನೇ ಒಪ್ಪುತ್ತದೆ. ಶೇ. 40 ಎನ್ನುವಾಗ ಕಾರ್ಡಿನ ರಿಯಾಯಿತಿ, ಹಳೆಯ ಯಂತ್ರದ ವಿನಿಮಯ ಎಲ್ಲವನ್ನೂ ಕೂಡಿಸಿರುತ್ತಾರೆ. ಅವು ನಿಮಗೆ ಅನ್ವಯಿಸದಿದ್ದರೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿ.

ಗೋದಾಮಿನಲ್ಲಿ ಬಹಳ ದಿನ ಕುಳಿತ ಸರಕೂ ಇಂಥ ದಿನಗಳಲ್ಲಿ ಹೊರಬರುತ್ತದೆ. ಪೆಟ್ಟಿಗೆ ಕೈಸೇರಿದ ದಿನವೇ ಬಿಚ್ಚಿ, ಸರಣಿ ಸಂಖ್ಯೆಯನ್ನು ತಯಾರಕರ ತಾಣದಲ್ಲಿ ಹಾಕಿ ವಾರಂಟಿ ಎಂದಿನಿಂದ ಶುರುವಾಗಿದೆಯೆಂದು ನೋಡಿ. ವಿಂಡೋಸ್ ಕೊಡುವ ಬ್ಯಾಟರಿ ವರದಿಯಲ್ಲಿ ವಿನ್ಯಾಸದ ಸಾಮರ್ಥ್ಯಕ್ಕೂ (ಹೊಸ ಬ್ಯಾಟರಿಗೆ ಇರಬೇಕಾದದ್ದು) ಈಗಿನ ಪೂರ್ಣ ಚಾರ್ಜಿನ ಸಾಮರ್ಥ್ಯಕ್ಕೂ ಎದ್ದು ಕಾಣುವ ಅಂತರವಿದ್ದರೆ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮರಳಿ ಕಳುಹಿಸಿ.