ಹಂಚಿನ ಮೇಲೆ 1865 ಅಂತಿದೆ. ಮಂಗಳೂರು ಜೆಪ್ಪುವಿನ ನಮ್ಮ ಹಿರಿಯಜ್ಜನ ಮೂಲ ಹುಡುಕುವುದು ಹೇಗೆ?

ಜೆಪ್ಪುವಿನ ಮೊಮ್ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಕತೆ, ಸಹಿಸಿಕೊಳ್ಳಿ.

ಕಳೆದ ಬೇಸಿಗೆಯಲ್ಲಿ ಮಂಗಳೂರಿನ ನಮ್ಮ ಅಜ್ಜನ ಮನೆ ಕೆಡವಿದರು. ಪಕ್ಕಾಸು, ರೀಪು ಎಲ್ಲ ಗೆದ್ದಲು ಹಿಡಿದಿತ್ತು, ಬೇರೆ ದಾರಿ ಇರಲಿಲ್ಲ. ಹಂಚುಗಳು ಮಾತ್ರ ಗಟ್ಟಿ. ಕೊಂಡು ಹೋಗಲು ಬಂದವನ ಹತ್ತಿರ ಕೇಳಿ ಅಡುಗೆಮನೆ ಮಾಡಿನ ಒಂದು ಹಂಚು ಇಟ್ಟುಕೊಂಡೆ. ನೂರು ವರ್ಷದ ಹೊಗೆ ಕುಡಿದು ಒಂದು ಕಡೆ ಕಪ್ಪಾಗಿದೆ. ತೆಂಗಿನ ನಾರು ಹಾಕಿ ಉಜ್ಜಿದರೆ ಇಂಗ್ಲಿಷ್ ಅಕ್ಷರ ಮೂಡಿತು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. (ಬಾಸೆಲ್ ಮಿಶನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಮಿಶನರಿ ಸಂಸ್ಥೆ.) ಒಂದು ಮೂಲೆಯಲ್ಲಿ ಮೂರು ಬೆರಳಿನ ಗುರುತು. ಹಸಿ ಇದ್ದಾಗ ಯಾರೋ ಹಿಡಿದು ಎತ್ತಿದ್ದು.

ನಮ್ಮ ಮನೆಯಲ್ಲಿ ಹೇಳುತ್ತಿದ್ದ ಮಾತು ಹೀಗೆ. ನನ್ನ ಪಿಜ್ಜನ (ಅಂದರೆ ಅಜ್ಜನ ಅಪ್ಪನ) ತಂದೆ ಕ್ರೈಸ್ತರಾಗಿ ಮನೆಯಿಂದ ಹೊರಗೆ ಬಿದ್ದರು. ಆಮೇಲೆ ಜೆಪ್ಪುವಿನಲ್ಲಿ ಆ ಮಿಶನ್ನಿನ ಪ್ಲೆಬ್ಸ್ಟ್ ದೊರೆ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಮೊದಲ ಕೆಲಸಗಾರರಲ್ಲಿ ಒಬ್ಬರಾದರು. "ಮೊದಲ ಹಂಚು ಒತ್ತಿದ್ದೇ ನಮ್ಮವರು" ಅಂತ ಅಜ್ಜ ಎದೆ ಉಬ್ಬಿಸಿ ಹೇಳುತ್ತಿದ್ದರು. ಜೆಪ್ಪುವಿನ ಪ್ರತಿ ಎರಡನೇ ಮನೆಯಲ್ಲೂ ಇದೇ ಮಾತು ಕೇಳಿದ್ದೇನೆ, ಅದು ಬೇರೆ ವಿಷಯ!

ಅವರಿಗೆ ಇಟ್ಟ ಹೆಸರು ಬೈಬಲಿನದು. ಮೊದಲಿನ ತುಳು ಹೆಸರು ಯಾರಿಗೂ ನೆನಪಿಲ್ಲ. ಜಾತಿಯಲ್ಲಿ ಬಿಲ್ಲವರು ಅಂತ ಮಾತ್ರ ಗೊತ್ತು. ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಒಂದು ಕಚೇರಿಯಲ್ಲಿ ಮೂರು ಸಲ ಅಲೆಸಿ, ಕೊನೆಗೆ "ಆ ಪುಸ್ತಕ ಮಳೆಗೆ ಹೋಯ್ತು ಅಮ್ಮ" ಅಂದರು. ಕಪಾಟಿನ ಬೀಗ ತೆಗೆದು ನೋಡಿ ಹೇಳಿದ್ದರೆ ನಂಬುತ್ತಿದ್ದೆ. ಅಪ್ಪನ ಕಡೆಯ ಹಿರಿಯರ ಹೆಸರು ಹಿಡಿದು ಊರೂರು ಕೇಳಿದ್ದೂ ಆಯಿತು. ಎಲ್ಲಿಂದ ಶುರು ಮಾಡಲಿ? ಈ ಹಂಚಾದರೂ ಸಾಕ್ಷಿ ಆಗುತ್ತದಾ?

ಕುಡ್ಲದ ಮಾಡು:

ಅಕ್ಕ, ಮೊದಲು ಒಂದು ಬೇಜಾರಿನ ವಿಷಯ ಹೇಳಿಬಿಡ್ತೇನೆ. ಆ 1865 ನಿಮ್ಮ ಹಂಚು ಮಾಡಿದ ವರ್ಷ ಅಲ್ಲ ಮಾರಾಯ್ರೆ. ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ವರ್ಷ ಆದ ಮೇಲೆ ಒತ್ತಿದ ಹಂಚಿನಲ್ಲೂ ಅದೇ ಅಚ್ಚು. ನಾನು ಹಳೇ ಮನೆ ಸಾಮಾನು ಮಾರುವವ. ವಾರಕ್ಕೆ ಒಬ್ಬರಾದರೂ "1865ರ ಹಂಚು, ಎಷ್ಟು ಕೊಡ್ತೀರಿ" ಅಂತ ಬರ್ತಾರೆ.

ಆದರೆ ಸುಮ್ನೆ ಬಿಸಾಡಬೇಡಿ. ಅದರಿಂದ ಕಾಲದ ಒಂದು ತುದಿ ಸಿಗ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಹಿಡಿದು ವಾಪಸು ಕಳಿಸಿದರು. ಮಿಶನ್ನಿನ ಕಾರ್ಖಾನೆಗಳು ಸರಕಾರದ ಕೈಗೆ ಹೋಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿಗೆ ಬಂದವು. ಅದಕ್ಕೇ ಹಳಬರು ಈಗಲೂ "ಕಾಮನ್‌ವೆಲ್ತ್ ಕಾರ್ಖಾನೆ" ಅನ್ನುವುದು. ನಿಮ್ಮ ಹಂಚಿನಲ್ಲಿ ಬಾಸೆಲ್ ಮಿಶನ್ ಅಂತ ಇರುವುದರಿಂದ ಅದು ಆ ಗಲಾಟೆಗಿಂತ ಮೊದಲಿನದು ಅಂತ ಇಟ್ಟುಕೊಳ್ಳಿ.

ಇನ್ನೊಂದು. ಪ್ಲೆಬ್ಸ್ಟ್ ಮೊದಲು ಹಂಚಿನವರಲ್ಲ, ಬಲ್ಮಠದ ಮಿಶನ್ ಅಚ್ಚುಕೂಟದ ಮನುಷ್ಯ. ಯಂತ್ರದ ಕೆಲಸ ಗೊತ್ತಿದ್ದವರು. ನೇತ್ರಾವತಿ ದಡದ ಜೇಡಿ ಮಣ್ಣು ಅವರ ಕಣ್ಣಿಗೆ ಬಿತ್ತು. ಶುರುವಿನಲ್ಲಿ ಮಣ್ಣು ಹದ ಮಾಡುವ ಯಂತ್ರ ತಿರುಗಿಸಲು ಎತ್ತು ಕಟ್ಟುತ್ತಿದ್ದರಂತೆ. ಉಗಿ ಯಂತ್ರ ಬಂದದ್ದು ಆಮೇಲೆ. ನಿಮ್ಮ ಹಿರಿಯರೂ ಮೊದಲು ಅಚ್ಚುಕೂಟದಲ್ಲೋ ನೇಯ್ಗೆಯಲ್ಲೋ ಇದ್ದಿರಬಹುದು. ಹಂಚಿನವರ ಪಟ್ಟಿ ಮಾತ್ರ ನೋಡಬೇಡಿ.

ರೈನ್ ದಡದಿಂದ:

ನಾನು ಸ್ವಿಟ್ಜರ್ಲೆಂಡಿನಲ್ಲಿದ್ದೇನೆ, ಊರು ಉಡುಪಿ ಕಡೆ. ನನ್ನ ಗಂಡನ ಮನೆಯವರ ಕತೆಯೂ ಹೀಗೇ ಇತ್ತು.

ಬಾಸೆಲ್ ಮಿಶನ್ನಿನ ಹಳೇ ದಾಖಲೆಗಳು ಬಾಸೆಲ್ ನಗರದಲ್ಲೇ ಇವೆ. ಈಗ ಅದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಮಿಶನ್ 21. ಹಳೆಯ ಫೋಟೊಗಳನ್ನು ಇಂಟರ್ನೆಟ್ಟಿನಲ್ಲೇ ನೋಡಬಹುದು, ಮಂಗಳೂರಿನವೂ ಇವೆ. ಆದರೆ ಫೋಟೊ ನೋಡಿ ಅಜ್ಜನನ್ನು ಗುರುತು ಹಿಡಿಯುತ್ತೇನೆ ಅಂದುಕೊಳ್ಳಬೇಡಿ. ದೊರೆಯ ಹೆಸರು ಬರೆದಿರುತ್ತದೆ, ಪಕ್ಕದಲ್ಲಿ ನಿಂತ ಇಪ್ಪತ್ತು ಜನ "ಕೆಲಸಗಾರರು" ಅಷ್ಟೇ. ನನಗಂತೂ ನೋಡುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ಮಿಶನರಿಗಳು ಕಳಿಸುತ್ತಿದ್ದ ಪತ್ರ, ವರದಿಗಳು ಜರ್ಮನ್ ಭಾಷೆಯಲ್ಲಿವೆ. ಕೈಬರಹ ಕುರೆಂಟ್ ಅನ್ನುವ ಹಳೇ ಶೈಲಿ. ಇಲ್ಲಿನ ಹುಡುಗರಿಗೇ ಓದಲು ಬರುವುದಿಲ್ಲ. ನಾನು ಒಂದು ಚಳಿಗಾಲ ಪೂರ್ತಿ ಕೂತು ಕಲಿತೆ. ಈ ಬರಹದಲ್ಲಿ ಇ ಮತ್ತು ಎನ್ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಅದರ ಮೇಲೆ ತುಳು ಊರಿನ ಹೆಸರನ್ನು ಜರ್ಮನ್ ಕಿವಿಯಲ್ಲಿ ಕೇಳಿ ಬರೆದಿರುತ್ತಾರೆ. ಆದ್ದರಿಂದ ಊರಿನ ಹೆಸರು ಕಣ್ಣಿಗೆ ಸಿಗದಿದ್ದರೆ ಗಟ್ಟಿಯಾಗಿ ಓದಿ ನೋಡಿ, ಕೆಲವು ಸಲ ಕಿವಿಗೆ ಸಿಗುತ್ತದೆ.

ಆದರೂ ಬಾಸೆಲ್ ನಿಮ್ಮ ಕೊನೆಯ ಮೆಟ್ಟಿಲಾಗಲಿ. ಮೊದಲು ಮಂಗಳೂರಿನಲ್ಲೇ ನೋಡಿ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ ಕಾಲದ ಸಾಮಗ್ರಿ ಇದೆ. ಚರ್ಚ್ ಸಭೆಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪುಸ್ತಕಗಳನ್ನು ಬೇರೆ ಬೇರೆಯಾಗಿ ಕೇಳಿ. ಒಂದು ಮಳೆಗೆ ಹೋಗಿದ್ದರೆ ಇನ್ನೊಂದು ಉಳಿದಿರುತ್ತದೆ. ನಮಗೆ ಸಿಕ್ಕಿದ್ದು ಸಮಾಧಿ ಪುಸ್ತಕದಲ್ಲಿ. ಸತ್ತಾಗಿನ ವಯಸ್ಸು ಬರೆದಿದ್ದರು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ ದೀಕ್ಷಾಸ್ನಾನದ ಸಾಲು ಹಿಡಿದೆವು. ಅಲ್ಲಿ ಹಳೆ ಹೆಸರೂ ಇತ್ತು, ಜಾತಿಯೂ ಇತ್ತು.

ಹಳೇ ಕಡತ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನೀವು ಹುಡುಕುತ್ತಿರುವ ದಾರಿಯೇ ತಪ್ಪು ಅಂತ ನನಗೆ ಅನಿಸುತ್ತದೆ. ತಪ್ಪು ತಿಳಿಯಬೇಡಿ.

ಅವರು ಬಿಲ್ಲವರಾಗಿದ್ದರೆ ಅಳಿಯಸಂತಾನ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಬರಿ (ಗೋತ್ರದ ಹಾಗಿನ ಕುಲದ ಹೆಸರು) ಬರುವುದೂ ತಾಯಿಯಿಂದಲೇ. ಆಸ್ತಿ ಅಪ್ಪನಿಂದ ಮಗನಿಗಲ್ಲ, ಸೋದರಮಾವನಿಂದ ಸೋದರಳಿಯನಿಗೆ. ನೀವು ಎರಡು ವರ್ಷದಿಂದ "ಅಪ್ಪನ ಅಪ್ಪನ ಅಪ್ಪ" ಅಂತ ಕೇಳುತ್ತಿದ್ದೀರಿ. ಕ್ರೈಸ್ತರಾದ ಮೇಲಿನ ತಲೆಮಾರಿಗೆ ಅದು ಸರಿ. ಅದಕ್ಕಿಂತ ಹಿಂದೆ ಹೋದ ಕೂಡಲೇ ಆ ಹಗ್ಗ ಕೈಗೆ ಬರುವುದಿಲ್ಲ. ನಿಮ್ಮ ಹಿರಿಯಜ್ಜನ ಮೂಲ ಮನೆ ಅಂದರೆ ಅವರ ಅಮ್ಮನ ಮನೆ, ಅಮ್ಮನ ಅಣ್ಣತಮ್ಮಂದಿರ ಮನೆ. ಅವರನ್ನು ಹೊರಗೆ ಹಾಕಿದ್ದೂ ಬಹುಶಃ ಸೋದರಮಾವನೇ.

ಜಾತಿ ಬಿಟ್ಟವರ ಆಸ್ತಿ ಹಕ್ಕು ಹೋಗಬಾರದು ಅಂತ 1850ರಲ್ಲೇ ಕಾಯ್ದೆ ಬಂದಿತ್ತು. ಆದರೆ ಕಾಯ್ದೆ ಹಿಡಿದು ಮಾವನ ಮೇಲೆ ದಾವೆ ಹಾಕಲು ಯಾರಿಗೆ ಧೈರ್ಯ, ಯಾರ ಹತ್ತಿರ ದುಡ್ಡು? ಅಂಥವರಿಗೆ ಹೊಟ್ಟೆಪಾಡು ಬೇಕು ಅಂತಲೇ ಮಿಶನ್ನಿನವರು ನೇಯ್ಗೆ, ಅಚ್ಚುಕೂಟ, ಹಂಚು ಅಂತ ಕೈಹಾಕಿದ್ದು.

ಸರಕಾರಿ ದಾಖಲೆ ಬಗ್ಗೆ ಎರಡೇ ಮಾತು. ಆಗ ನಮ್ಮ ಜಿಲ್ಲೆ ಮದ್ರಾಸು ಪ್ರಾಂತ್ಯದಲ್ಲಿತ್ತು, ಆದ್ದರಿಂದ ಬೆಂಗಳೂರಿನಲ್ಲಿ ಹುಡುಕಿ ಸುಸ್ತಾಗಬೇಡಿ. ಜನಗಣತಿಯಲ್ಲಿ ಮನೆಮಂದಿ ಹೆಸರು ಸಿಗುತ್ತದೆ ಅನ್ನುವ ಆಸೆಯೂ ಬೇಡ, ಆ ಚೀಟಿಗಳನ್ನು ಉಳಿಸಿಲ್ಲ. ಚಾಲಗೇಣಿ (ಕಾಯಂ ಹಕ್ಕಿಲ್ಲದ ಗೇಣಿ) ಒಕ್ಕಲಾಗಿದ್ದರೆ ಭೂದಾಖಲೆಯಲ್ಲಿ ಧಣಿಯ ಹೆಸರೇ ಜಾಸ್ತಿ. ಎಲ್ಲಾದರೂ ಗೇಣಿ ಚೀಟು ಉಳಿದಿದ್ದರೆ ನಿಮ್ಮ ಪುಣ್ಯ.

ಮನೆಯಲ್ಲಿ ವಯಸ್ಸಾದ ಹೆಂಗಸರು ಯಾರಾದರೂ ಇದ್ದಾರಾ? "ಅಜ್ಜ ಯಾರು" ಅಂತ ಕೇಳಬೇಡಿ. "ನಮ್ಮ ಬರಿ ಯಾವುದು, ಹೊಳೆಯಾಚೆ ನಮ್ಮವರು ಯಾರಿದ್ದರು" ಅಂತ ಕೇಳಿ.

ಜೆಪ್ಪುವಿನ ಮೊಮ್ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಂಚಿನ ವಿಷಯ ಓದಿ ಒಂದು ದಿನ ಮುಖ ಸಣ್ಣ ಮಾಡಿಕೊಂಡು ಕೂತಿದ್ದೆ, ಸುಳ್ಳು ಹೇಳುವುದಿಲ್ಲ. ಅದು ಈಗಲೂ ಶೋಕೇಸಿನಲ್ಲೇ ಇದೆ. ಆ ಮೂರು ಬೆರಳು ಯಾರದ್ದಾದರೂ ಆಗಲಿ.

ಬಲ್ಮಠಕ್ಕೆ ಮುಂದಿನ ವಾರ ಹೋಗುತ್ತೇನೆ. ಸಮಾಧಿ ಪುಸ್ತಕದ ಉಪಾಯ ನನಗೆ ಹೊಳೆದೇ ಇರಲಿಲ್ಲ.

ಭಾನುವಾರ ಅಪ್ಪನ ಅಕ್ಕನ ಮನೆಗೆ ಹೋಗಿದ್ದೆ. 88 ವರ್ಷ, ಕಿವಿ ಸ್ವಲ್ಪ ದೂರ, ನೆನಪು ಮಾತ್ರ ಚುರುಕು. ಬರಿ ಯಾವುದು ಅಂದೆ. ಗೊತ್ತಿಲ್ಲ ಅಂತ ತಲೆ ಆಡಿಸಿದರು. ಹೊಳೆಯಾಚೆ ನಮ್ಮವರು ಯಾರಾದರೂ ಇದ್ದರಾ ಅಂದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ನಿಂತಿತು. "ಉಳ್ಳಾಲ ಕಡೆಯಿಂದ ಒಬ್ಬರು ಬರ್ತಿದ್ದರಲ್ಲ, ಹಪ್ಪಳದವರು" ಅಂದರು.

ಅತ್ತೆ ಚಿಕ್ಕವರಿದ್ದಾಗ ಪ್ರತಿ ವರ್ಷ ಮಳೆಗೆ ಮೊದಲು ಒಬ್ಬ ಅಜ್ಜಿ ದೋಣಿ ದಾಟಿ ಬರುತ್ತಿದ್ದರಂತೆ. ಹಿತ್ತಿಲ ಬಾಗಿಲಿನಿಂದ. ಬಾಳೆಎಲೆಯಲ್ಲಿ ಕಟ್ಟಿದ ಒಂದು ಕಟ್ಟು ಹಲಸಿನ ಹಪ್ಪಳ. ಒಳಗೆ ಕೂರುತ್ತಿರಲಿಲ್ಲ, ನಮ್ಮಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಹೋಗುವಾಗ ಮಕ್ಕಳ ತಲೆ ಸವರಿ ಹೋಗುತ್ತಿದ್ದರು. ಅವರು ಯಾರು ಅಂತ ಕೇಳಿದರೆ ಅತ್ತೆಯ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ: "ನಮ್ಮ ಜಾತಿಯವರಲ್ಲ, ನಮ್ಮವರು." ಆ ಮನೆಯ ಹೆಸರು ಅತ್ತೆಗೆ ಇನ್ನೂ ನೆನಪಿದೆ! ಇಲ್ಲಿ ಬರೆಯುವುದಿಲ್ಲ, ಮೊದಲು ಅಲ್ಲಿಗೆ ಹೋಗಿ ಕೇಳಬೇಕು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅತ್ತೆ ಅಂದೆ.

"ನೀನು ಬಂದಾಗಲೆಲ್ಲ ಹಂಚಿನ ವಿಷಯ ಮಾತ್ರ ಕೇಳ್ತಿದ್ದಿ" ಅಂದರು.